ಬಾವಿ ತೋಡಲು ಹೋದ ಪದವೀಧರ

ರಾಜಸ್ಥಾನದ ಅಜ್ಮೀರ್ ಜಿಲ್ಲೆಯಲ್ಲಿ ತಿಲೋನಿಯಾ ಎಂಬ ಹಳ್ಳಿಯೊಂದುಂಟು. 1970ರ ದಶಕದ ಆರಂಭದಲ್ಲಿ, ದೆಹಲಿಯಲ್ಲಿ ಓದಿದ ತರುಣನೊಬ್ಬನು ಅಲ್ಲಿ ನೆಲಸಲೆಂದು ಬಂದಾಗ ಊರ ಹಿರಿಯರು ಅವನನ್ನು ಕೂರಿಸಿಕೊಂಡು ವಿಚಾರಿಸಿದರಂತೆ. ಪೊಲೀಸರ ಕಣ್ಣು ತಪ್ಪಿಸಿಕೊಂಡು ಬಂದವನೆ? ಅಲ್ಲ. ಪರೀಕ್ಷೆಯಲ್ಲಿ ನಪಾಸಾದವನೆ? ಅಲ್ಲ. ಸರಕಾರಿ ನೌಕರಿ ದೊರೆಯಲಿಲ್ಲವೆ? ಅದೂ ಅಲ್ಲ. ಹಾಗಾದರೆ, ಓದಿದವರೆಲ್ಲ ದೆಹಲಿಯ ಕಡೆಗೋ ಪ್ಯಾರಿಸಿನ ಕಡೆಗೋ ಮುಖ ಮಾಡಿರುವಾಗ ಈ ಬೆಂಗಾಡಿಗೆ ಬರುವ ಕಾರಣವೇನು? ಹೇಳದೆ ಮುಚ್ಚಿಟ್ಟುಕೊಂಡ ಐಬು ಏನಾದರೂ ಉಂಟೆ?

ಪ್ರಶ್ನೆಗಳಿಗೆ ಉತ್ತರ ಹೇಳಿದ ತರುಣನ ಹೆಸರು ಸಂಜಿತ್ ರಾಯ್. ಲೋಕವೆಲ್ಲ ಬಲ್ಲ ಹೆಸರು ಬಂಕರ್ ರಾಯ್. ಈ ಪ್ರಸಂಗವನ್ನು ಅವರೇ ಮುಂದೆ ದೇಶವಿದೇಶಗಳ ಸಭೆಗಳಲ್ಲಿ ನಗುನಗುತ್ತ ಹೇಳಿದ್ದಾರೆ. ಕೇಳಿದವರೂ ನಕ್ಕಿದ್ದಾರೆ. ಆದರೆ ಹಿರಿಯರು ಕೇಳಿದ್ದು ನಗೆಗಾಗಿ ಅಲ್ಲ. ಹಳ್ಳಿಗೆ ಬರುವ ಓದಿದ ಜನರ ಪರಿಚಯ ಅವರಿಗೆ ಚೆನ್ನಾಗಿಯೇ ಇತ್ತು. ಕಂದಾಯ ಕೇಳಲು ಒಬ್ಬನು ಬರುವನು, ಓಟು ಕೇಳಲು ಇನ್ನೊಬ್ಬನು ಬರುವನು, ವರದಿ ಬರೆಯಲು ಮತ್ತೊಬ್ಬನು. ಸಂಜೆಯ ಬಸ್ಸಿಗೆ ಎಲ್ಲರೂ ಹಿಂದಿರುಗುವರು. ಹಿಂದಿರುಗದೆ ಉಳಿಯುವೆನೆಂದು ಹೇಳುವವನ ಮೇಲೆ ಅನುಮಾನ ಹುಟ್ಟುವುದು ಸಹಜವೇ ಸರಿ.

ಅನುಮಾನಕ್ಕೆ ಬೇರೊಂದು ಕಾರಣವೂ ಇತ್ತೆನ್ನಬೇಕು. 1945ರಲ್ಲಿ ಬಂಗಾಳದಲ್ಲಿ ಹುಟ್ಟಿದ ರಾಯ್ ಓದಿದ್ದು ಡೆಹರಾಡೂನಿನ ಡೂನ್ ಸ್ಕೂಲಿನಲ್ಲಿ, ಅನಂತರ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ. ದೇಶದ ಭಾಗ್ಯವಂತರ ಮಕ್ಕಳು ಓದುವ ಸ್ಥಳಗಳಿವು. ಇಲ್ಲಿಂದ ಹೊರಬಿದ್ದವರಿಗೆ ರಾಯಭಾರ ಕಚೇರಿಗಳ, ದೊಡ್ಡ ಕಂಪನಿಗಳ ಬಾಗಿಲು ತಾನಾಗಿ ತೆರೆಯುತ್ತಿದ್ದ ಕಾಲವದು. ಸಾಲದೆಂಬಂತೆ ರಾಯ್ ಸ್ಕ್ವಾಷ್ ಆಟದಲ್ಲಿ ರಾಷ್ಟ್ರದ ಚಾಂಪಿಯನ್ ಆಗಿದ್ದರು. ನಾಲ್ಕು ಗೋಡೆಗಳ ನಡುವೆ ಆಡುವ ಆ ಆಟಕ್ಕೂ ಹೊಲಗದ್ದೆಗಳ ಬಾಳಿಗೂ ಇರುವ ದೂರವನ್ನು ಅಳೆಯುವುದು ಕಷ್ಟ.

ಆ ದೂರವನ್ನು ಅವರು ದಾಟಿದ್ದು ಬಿಹಾರದ ಕ್ಷಾಮದಲ್ಲಿ. 1966ರ ಮಳೆಗಾಲ ಬಿಹಾರಕ್ಕೆ ಕೈಕೊಟ್ಟಿತು. ಪಲಾಮು, ಗಯಾ, ಹಜಾರಿಬಾಗ್ ಜಿಲ್ಲೆಗಳಲ್ಲಿ ಬೆಳೆ ಒಣಗಿಹೋಯಿತು, ಬಾವಿಗಳು ಬತ್ತಿದವು. 1967ರ ಏಪ್ರಿಲ್ 20ರಂದು ಸರಕಾರವೇ ಕ್ಷಾಮವನ್ನು ಸಾರಿತು. ಸ್ವಾತಂತ್ರ್ಯ ಬಂದ ಮೇಲೆ ‘ಕ್ಷಾಮ’ವೆಂಬ ಶಬ್ದವನ್ನು ಉಚ್ಚರಿಸಲು ಆಳುವವರಿಗೆ ನಾಚಿಕೆಯಿತ್ತು, ‘ಅಭಾವ’, ‘ಕೊರತೆ’ ಎಂಬ ಮೆದು ಮಾತುಗಳಲ್ಲಿ ಎಷ್ಟೋ ದಿನ ಕಳೆದಿದ್ದವು. ಜಯಪ್ರಕಾಶ ನಾರಾಯಣರು ಬಿಹಾರ ಪರಿಹಾರ ಸಮಿತಿಯ ಹೊಣೆ ಹೊತ್ತು ನಾಡಿನ ತರುಣರನ್ನು ಕರೆದರು. ಗಂಜಿಯ ಕೇಂದ್ರಗಳು ತೆರೆದವು, ಕೆಲಸಕ್ಕಾಗಿ ಕಾಳು ಕೊಡುವ ಕಾಮಗಾರಿಗಳು ಮೊದಲಾದವು, ಊರೂರಿನಲ್ಲಿ ಬಾವಿ ತೋಡುವ ಕೆಲಸ ನಡೆಯಿತು.

ಹೋದವರಲ್ಲಿ ರಾಯ್ ಒಬ್ಬರು. ಹಳ್ಳಿಯೆಂದರೆ ಹೇಗಿರುವುದೋ ನೋಡೋಣವೆಂಬ ಕುತೂಹಲವೇ ಮೊದಲ ಪ್ರೇರಣೆಯೆಂದು ಅವರು ಮರೆಮಾಚದೆ ಹೇಳಿಕೊಂಡಿದ್ದಾರೆ. ವಿದ್ಯಾರ್ಥಿ ಸ್ವಯಂಸೇವಕರ ಮನಸ್ಸನ್ನು ಬಲ್ಲವರು ಈ ಮಾತನ್ನು ಮೆಚ್ಚಬೇಕು. ಇಪ್ಪತ್ತರ ವಯಸ್ಸಿನಲ್ಲಿ ಹಳ್ಳಿಗೆ ಹೋಗುವವರನ್ನು ಎಳೆದೊಯ್ಯುವುದು ದೇಶಸೇವೆಯ ಮಹಾಸಂಕಲ್ಪವೇ ಎಂದು ನಂಬಬೇಕಾಗಿಲ್ಲ; ಗೆಳೆಯರ ಸಂಗಡ ಹೊಸ ಜಾಗ ಕಾಣುವ ಆಸೆಯೂ ಸಾಕು. ಏನನ್ನು ಕಂಡರು, ಕಂಡ ಮೇಲೆ ಏನು ಮಾಡಿದರು ಎಂಬುದೇ ಮುಖ್ಯ. ಹಸಿವಿನಿಂದ ಮನುಷ್ಯರು ಸಾಯುವುದನ್ನು ರಾಯ್ ಕಂಡದ್ದು ಅದೇ ಮೊದಲು. ಅಂಥ ಸಾವು ತನ್ನ ದೇಶದಲ್ಲಿಯೇ, ತನ್ನ ಕಾಲೇಜಿನಿಂದ ರೈಲಿನಲ್ಲಿ ತಲುಪಬಹುದಾದಷ್ಟು ಹತ್ತಿರದಲ್ಲಿಯೇ ಉಂಟೆಂಬುದು ಅವರಿಗೆ ತಿಳಿದಿರಲಿಲ್ಲ. ಅಷ್ಟು ದುಬಾರಿ ವಿದ್ಯೆಯಲ್ಲಿ ಈ ಪಾಠ ಎಲ್ಲಿಯೂ ಸೇರಿರಲಿಲ್ಲ.

ಹಿಂದಿರುಗಿ ಬಂದು ತಾಯಿಗೆ ಹೇಳಿದರು: ಹಳ್ಳಿಯಲ್ಲಿ ವಾಸಮಾಡುತ್ತೇನೆ, ಐದು ವರ್ಷ ಬಾವಿ ತೋಡುತ್ತೇನೆ. ತಾಯಿಗೆ ಮೂರ್ಛೆಯೇ ಬಂತೆಂದು ಮಗ ಹಾಸ್ಯಮಾಡಿ ಹೇಳುವುದುಂಟು. ಹಾಸ್ಯದ ಒಳಗೆ ನೋವಿದೆ. ಆಸ್ತಿ ಕರಗಿಸಿದಂತೆ ಹಣ ಸುರಿದು ಓದಿಸಿದ ಮಗ ಗುದ್ದಲಿ ಹಿಡಿಯುತ್ತೇನೆಂದರೆ ಯಾವ ತಾಯಿ ಹಿಗ್ಗಿಯಾಳು? ಮನೆತನದ ಮಾನ ಕಳೆದನೆಂದು ಬಹುಕಾಲ ಆಕೆ ಮಗನೊಡನೆ ಮಾತು ಬಿಟ್ಟರು. ಸ್ವಯಂಸೇವೆಯ ಕಥೆಗಳಲ್ಲಿ ಮನೆಯವರ ಈ ಮೌನಕ್ಕೆ ಸಾಮಾನ್ಯವಾಗಿ ಒಂದು ಸಾಲಿನ ಜಾಗವೂ ಸಿಗುವುದಿಲ್ಲ. ಆದರೆ ಅದರ ಬೆಲೆ ತೆತ್ತವರು ಇಬ್ಬರೂ ಹೌದು.

ಹೇಳಿದಂತೆಯೇ ಅಜ್ಮೀರಿನ ಸೀಮೆಯಲ್ಲಿ ಅವರು ಬಾವಿಯ ಕೆಲಸಕ್ಕೆ ನಿಂತರು. ಮೇಸ್ತ್ರಿಯಾಗಿ ಅಲ್ಲ, ಕಸುಬು ತಿಳಿಯದ ಸಾಮಾನ್ಯ ಕೂಲಿಯಾಗಿ. ಆ ನೆಲದಲ್ಲಿ ಬಾವಿಯೆಂದರೆ ಮಣ್ಣು ತೋಡುವಷ್ಟಕ್ಕೇ ಮುಗಿಯುವುದಿಲ್ಲ. ಕೆಲವು ಅಡಿಗಳ ಕೆಳಗೆ ಬಂಡೆ ಸಿಕ್ಕುತ್ತದೆ. ಬಂಡೆಗೆ ಕುಳಿ ಹೊಡೆದು ಮದ್ದು ತುಂಬಿ ಸಿಡಿಸಬೇಕು. ಸಿಡಿದ ಕಲ್ಲನ್ನು ಬುಟ್ಟಿಬುಟ್ಟಿಯಾಗಿ ಮೇಲೆತ್ತಬೇಕು. ಮತ್ತೆ ಕುಳಿ, ಮತ್ತೆ ಮದ್ದು. ಎಲ್ಲಿ ತೋಡಿದರೆ ನೀರು, ಯಾವ ಕಲ್ಲಿನ ಪದರ ಯಾವ ಕಡೆಗೆ ಬಿರಿಯುತ್ತದೆ, ಬದಿಯ ಮಣ್ಣು ಕುಸಿಯುವ ಮೊದಲು ಯಾವ ಸೂಚನೆ ಕೊಡುತ್ತದೆ ಎಂಬುದನ್ನೆಲ್ಲ ಬಲ್ಲವರು ಬಾವಿಯೊಳಗಿದ್ದ ಕೂಲಿಗಳೇ. ಅವರ ವಿದ್ಯೆಗೆ ಹೊತ್ತಗೆಯಿಲ್ಲ, ಪ್ರಮಾಣಪತ್ರವಿಲ್ಲ. ಸೇಂಟ್ ಸ್ಟೀಫನ್ಸಿನ ಪದವೀಧರ ಅವರ ನಡುವೆ ಅತಿ ದಡ್ಡ ಶಿಷ್ಯ.

ಇಲ್ಲಿಯೇ ಅವರ ಸೇವೆಯ ಭಾವನೆ ಬುಡಮೇಲಾಯಿತೆನ್ನಬಹುದು. ಕೊಡಲೆಂದು ಹೋದವನಿಗೆ ಕೊಡಲು ತನ್ನಲ್ಲಿ ಹೆಚ್ಚೇನೂ ಇಲ್ಲವೆಂದು ತಿಳಿಯಿತು. ನೀರು ಎಲ್ಲಿದೆಯೆಂದು ನೆಲ ನೋಡಿ ಹೇಳುವವನು, ಸೂಲಗಿತ್ತಿ, ಮೂಳೆ ಕೂಡಿಸುವ ನಾಟಿ ವೈದ್ಯ — ಇಂಥವರ ಜ್ಞಾನ ಹಳ್ಳಿಯ ಎಲ್ಲೆ ದಾಟುವುದಿಲ್ಲ. ಸರಕಾರದ ಯಾವ ಯೋಜನೆಯಲ್ಲಿಯೂ ಅದಕ್ಕೆ ಸ್ಥಾನವಿಲ್ಲ. ಬಡವನಿಗೆ ಅನ್ನವಿಲ್ಲ, ಬಟ್ಟೆಯಿಲ್ಲವೆಂಬುದನ್ನು ಎಲ್ಲರೂ ಕಾಣುತ್ತಾರೆ. ಅವನಲ್ಲಿ ತಿಳಿವಳಿಕೆ ಇದೆಯೆಂಬುದನ್ನು ಕಾಣಲು ರಾಯ್ ಅವರಿಗೆ ಐದು ವರ್ಷ ಬೇಕಾಯಿತು.

1972ರಲ್ಲಿ ಅವರು ತಿಲೋನಿಯಾದಲ್ಲಿ ‘ಸಮಾಜ ಕಾರ್ಯ ಮತ್ತು ಸಂಶೋಧನ ಕೇಂದ್ರ’ವನ್ನು ಸ್ಥಾಪಿಸಿದರು. ಸರಕಾರ ಪಾಳುಬಿದ್ದ ಕ್ಷಯರೋಗ ಚಿಕಿತ್ಸಾಲಯದ ಕಟ್ಟಡಗಳನ್ನೂ ಸುತ್ತಲ 45 ಎಕರೆ ಜಮೀನನ್ನೂ ತಿಂಗಳಿಗೆ ಒಂದು ರೂಪಾಯಿ ಬಾಡಿಗೆಗೆ ಕೊಟ್ಟಿತು. ರೋಗಿಗಳು ಮಲಗಿದ್ದ ಕೊಠಡಿಗಳಲ್ಲಿ ಈಗ ಭೂಗರ್ಭಶಾಸ್ತ್ರಜ್ಞರು, ವೈದ್ಯರು, ಅರ್ಥಶಾಸ್ತ್ರ ಓದಿದವರು ಬಂದು ತಂಗಿದರು. ಸಿಲೋರಾ ಬ್ಲಾಕಿನ 110 ಹಳ್ಳಿಗಳಲ್ಲಿ ಅಂತರ್ಜಲದ ಸಮೀಕ್ಷೆ ನಡೆಯಿತು. ನಗರದ ವಿದ್ಯೆ ಮತ್ತು ಹಳ್ಳಿಯ ಅವಶ್ಯಕತೆ ಕೂಡಿದರೆ ಸಾಕೆಂಬ ನಂಬಿಕೆ ಆ ದಿನಗಳದು.

ನಂಬಿಕೆ ಬಹುಕಾಲ ಉಳಿಯಲಿಲ್ಲ. ನಗರದಿಂದ ಬಂದವರು ಒಳ್ಳೆಯವರೇ, ಮನಸ್ಸಿಟ್ಟು ದುಡಿದವರೇ. ಆದರೆ ಮದುವೆಯಾಗುವುದುಂಟು, ಮಕ್ಕಳನ್ನು ಶಾಲೆಗೆ ಸೇರಿಸಬೇಕಾಗುವುದುಂಟು, ಮುದಿ ತಂದೆತಾಯಿ ಕಾಯಿಲೆ ಬೀಳುವುದುಂಟು. ಒಬ್ಬೊಬ್ಬರಾಗಿ ಹೊರಟರು. ಅವರೊಡನೆ ಅವರ ವಿದ್ಯೆಯೂ ಹೊರಟಿತು. ಹಳ್ಳಿಗೆ ಉಳಿದದ್ದು ಅರ್ಧ ಮುಗಿದ ಕೆಲಸ. ಅವರ ಮೇಲೆ ದೋಷ ಹೊರಿಸುವುದು ಸುಲಭ. ಆದರೆ ಹೋಗಲೇಬೇಕಾದವರ ಹೆಗಲ ಮೇಲೆ ಊರಿನ ಭಾರ ಇಟ್ಟದ್ದೇ ತಪ್ಪು ಲೆಕ್ಕ.

ಪದವಿ ಪಡೆದವರನ್ನು ನಿನ್ನ ಕಾಲೇಜಿಗೆ ಕರೆತರಬೇಡವೆಂದು ಹಿರಿಯರು ಮೊದಲೇ ಬುದ್ಧಿ ಹೇಳಿದ್ದರೆಂದು ರಾಯ್ ನೆನೆಯುತ್ತಾರೆ. ಮೆಲ್ಲಮೆಲ್ಲನೆ ಕೇಂದ್ರ ಆ ದಾರಿಗೆ ತಿರುಗಿತು. ‘ಬರಿಗಾಲ ಕಾಲೇಜು’ ಎಂಬ ಹೆಸರೂ ಹತ್ತಿತು.

ಆ ತಿರುವಿನ ಅರ್ಥವನ್ನು ಒಂದು ಕೈಪಂಪಿನ ಉದಾಹರಣೆಯಿಂದ ತಿಳಿಯಬಹುದು. ಹಳ್ಳಿಯಲ್ಲಿ ಪಂಪು ಕೆಟ್ಟಿತೆನ್ನಿ. ಹಳೆಯ ಕ್ರಮದಲ್ಲಿ ಊರವರು ಬ್ಲಾಕಿನ ಕಚೇರಿಗೆ ಅರ್ಜಿ ಕೊಡಬೇಕು. ಅಲ್ಲಿಂದ ಜಿಲ್ಲೆಗೆ ಕಾಗದ ಹೋಗಬೇಕು. ಜೀಪು, ಡ್ರೈವರು, ಮೆಕ್ಯಾನಿಕ್ಕು, ಇಂಜಿನಿಯರು ಎಲ್ಲ ಕೂಡಿಬರಬೇಕು. ಅಷ್ಟರಲ್ಲಿ ಹೆಂಗಸರು ಕೊಡ ಹೊತ್ತು ಮೈಲಿಗಟ್ಟಲೆ ನಡೆದಿರುತ್ತಾರೆ. ತಿಲೋನಿಯಾದವರು ಅದೇ ಹಳ್ಳಿಯ ಹುಡುಗನೊಬ್ಬನಿಗೆ, ಮುಂದೆ ಹೆಂಗಸರಿಗೂ, ಪಂಪು ಬಿಚ್ಚಿ ಕೂಡಿಸುವುದನ್ನು ಕಲಿಸಿದರು. ಅವನ ಮನೆಯೂ ಆ ಪಂಪಿನ ನೀರನ್ನೇ ಕುಡಿಯುತ್ತದೆ. ರಿಪೇರಿ ತಡವಾದರೆ ಮೊದಲು ಬೈಯುವವಳು ಅವನ ತಾಯಿ. ಇದಕ್ಕಿಂತ ಒಳ್ಳೆಯ ಮೇಲ್ವಿಚಾರಣೆಯನ್ನು ಯಾವ ಇಲಾಖೆ ಏರ್ಪಡಿಸಬಲ್ಲದು?

ರಾತ್ರಿಶಾಲೆಗಳ ಕಥೆಯೂ ಇಂಥದೇ. ಹಗಲು ಕುರಿ ಮೇಕೆ ಕಾಯುವ ಮಕ್ಕಳಿಗೆ ಹಗಲಿನ ಶಾಲೆ ಎಷ್ಟು ಹತ್ತಿರವಿದ್ದರೂ ದೂರವೇ. ಆದ್ದರಿಂದ ಶಾಲೆಯೇ ರಾತ್ರಿಗೆ ಸರಿಯಿತು. ಮುಂದೆ ಅಕ್ಷರ ಬಾರದ ಅಜ್ಜಿಯರು ಸೌರದೀಪಗಳನ್ನು ಜೋಡಿಸಲು ಕಲಿತರು. ಆಫ್ರಿಕದಿಂದ ಬಂದ ಅಂಥದೇ ಹೆಂಗಸರಿಗೆ ಕೈಸನ್ನೆ, ಬಣ್ಣಗಳ ಗುರುತುಗಳ ಮೂಲಕ ಆರು ತಿಂಗಳಲ್ಲಿ ಆ ವಿದ್ಯೆ ಕಲಿಸಲಾಯಿತು. ಗಂಡಸರಿಗೆ ಕಲಿಸಿದರೆ ಪ್ರಮಾಣಪತ್ರ ಹಿಡಿದು ಪಟ್ಟಣಕ್ಕೆ ಓಡಿಹೋಗುತ್ತಾರೆ, ಅಜ್ಜಿ ಊರು ಬಿಡುವುದಿಲ್ಲವೆಂಬುದು ರಾಯ್ ಅವರ ಸಿದ್ಧಾಂತ. ಇದು ಪ್ರಪಂಚದ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಹಾಗೆಂದು ಪದವಿಯೆಲ್ಲ ವ್ಯರ್ಥ, ಹಳ್ಳಿಯ ಜ್ಞಾನವೆಲ್ಲ ಪರಿಪೂರ್ಣವೆಂದು ಡಂಗುರ ಹೊಡೆಯುವುದೂ ಸರಿಯಲ್ಲ. ಹಾವು ಕಚ್ಚಿದವನಿಗೆ ಮಂತ್ರಕ್ಕಿಂತ ಆಸ್ಪತ್ರೆಯ ಚುಚ್ಚುಮದ್ದೇ ಗತಿ. ತಿಲೋನಿಯಾವನ್ನು ಲೋಕಕ್ಕೆ ಪರಿಚಯಿಸಿದ್ದು ರಾಯ್ ಅವರ ಇಂಗ್ಲಿಷು, ಅವರ ಕಾಲೇಜಿನ ಪರಿಚಯಗಳು. ಇದನ್ನು ಮರೆತರೆ ಕಥೆ ಪುರಾಣವಾದೀತು. ಓದಿದವನು ಹಳ್ಳಿಗೆ ಬೇಡವೆಂದಲ್ಲ. ಅವನ ಓದು ಯಾವ ಕೆಲಸಕ್ಕೆ ಒದಗಬೇಕೆಂಬುದನ್ನು ಗೊತ್ತುಮಾಡುವವರು ಯಾರೆಂಬುದೇ ವಿವಾದ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ವಿವಾದ ಹೊರಗಿನದಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾನಿಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳಿಂದ ಆರಂಭವಾಯಿತು. ಎರಡು ವರ್ಷಕ್ಕೆ 240 ಗಂಟೆಗಳ ಸೇವೆ, ಹಳ್ಳಿಯೊಂದರಲ್ಲಿ ಏಳು ದಿನಗಳ ಶಿಬಿರ. ಕರ್ನಾಟಕದ ಎಷ್ಟೋ ಹಳ್ಳಿಗಳು ಈ ಶಿಬಿರಗಳನ್ನು ಕಂಡಿವೆ. ಚರಂಡಿ ತೆಗೆಯುವುದು, ಶಾಲೆಯ ಗೋಡೆಗೆ ಸುಣ್ಣ ಬಳಿಯುವುದು, ಬೆಳಗ್ಗೆ ಪ್ರಭಾತಫೇರಿ, ರಾತ್ರಿ ನಾಟಕ. ಏಳನೆಯ ದಿನ ಸಮಾರೋಪ, ಗ್ರೂಪು ಫೋಟೊ, ಕಣ್ಣೀರಿನ ಬೀಳ್ಕೊಡುಗೆ. ಹುಡುಗರಿಗೆ ಇದರಿಂದ ಲಾಭವುಂಟು, ಸಂದೇಹವಿಲ್ಲ. ಕಸಬರಿಗೆ ಹಿಡಿಯದ ಕೈ ಒಂದು ವಾರ ಹಿಡಿಯುತ್ತದೆ. ಜಾತಿ ಕೇಳದೆ ಒಂದೇ ಪಂಕ್ತಿಯಲ್ಲಿ ಉಣ್ಣುವ ಅಭ್ಯಾಸವಾಗುತ್ತದೆ. ಹಳ್ಳಿಗೆ ಏನು ಲಾಭವೆಂದು ಮಾತ್ರ ಸಮಾರೋಪದ ಭಾಷಣದಲ್ಲಿ ಯಾರೂ ಕೇಳುವುದಿಲ್ಲ. ಊರವರೂ ಕೇಳರು, ಅತಿಥಿಗಳನ್ನು ಹಾಗೆ ಕೇಳುವುದು ನಮ್ಮ ಕಡೆಯ ಸಂಪ್ರದಾಯವಲ್ಲ. ಸುಣ್ಣ ಮುಂದಿನ ಮಳೆಗೆ ಹೋಗುತ್ತದೆ. ಚರಂಡಿ ಯುಗಾದಿಯ ಹೊತ್ತಿಗೆ ಮತ್ತೆ ಕಟ್ಟಿಕೊಳ್ಳುತ್ತದೆ.

ಬಿಹಾರದ ಕ್ಷಾಮಕ್ಕೆ ಹೋದ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಹಿಂದಿರುಗಿ ತಮ್ಮ ತಮ್ಮ ಬಾಳು ಕಟ್ಟಿಕೊಂಡರು. ಅದು ತಪ್ಪಲ್ಲ. ರಾಯ್ ಅವರಲ್ಲಿ ವಿಶೇಷವೇನೆಂದರೆ, ಅಲ್ಲಿ ಕಂಡ ಹಸಿವು ಅವರನ್ನು ಬಿಡಲಿಲ್ಲ; ಹದಿನೈದು ವರ್ಷಗಳ ಮೇಲೆ ಮತ್ತೊಂದು ವೇಷದಲ್ಲಿ ಅವರ ಎದುರು ಬಂದು ನಿಂತಿತು.

ರಾಜಸ್ಥಾನಕ್ಕೆ ಬರ ಹೊಸದಲ್ಲ. ಬರ ಬಂದಾಗ ಸರಕಾರ ಪರಿಹಾರ ಕಾಮಗಾರಿ ತೆರೆಯುತ್ತದೆ: ರಸ್ತೆ, ಕೆರೆ, ಒಡ್ಡು. 1980ರ ದಶಕದ ಮೊದಲ ವರ್ಷಗಳಲ್ಲಿ ತಿಲೋನಿಯಾದ ಸೀಮೆಯಲ್ಲಿ ಮದನ್‌ಗಂಜ್‌ನಿಂದ ಹರ್ಮಾಡಾ ಊರಿಗೆ ಹೋಗುವ ರಸ್ತೆಯ ಕೆಲಸವನ್ನು ಲೋಕೋಪಯೋಗಿ ಇಲಾಖೆ ಹೀಗೆ ನಡೆಸುತ್ತಿತ್ತು. ದುಡಿಯುವವರಲ್ಲಿ ಹೆಂಗಸರು ಬಹಳ. ಪರಿಶಿಷ್ಟ ಜಾತಿಯವರು ಬಹಳ. ಅಂದಿನ ಕನಿಷ್ಠ ಕೂಲಿ ದಿನಕ್ಕೆ 7 ರೂಪಾಯಿ. ಆದರೆ ಇಪ್ಪತ್ತು ಜನರ ತಂಡಗಳನ್ನು ಮಾಡಿ, ಹದಿನೈದು ದಿನಕ್ಕೊಮ್ಮೆ ತಂಡದ ಒಟ್ಟು ಕೆಲಸವನ್ನು ಅಳೆದು, ಬಂದ ಹಣವನ್ನು ಎಲ್ಲರಿಗೂ ಸಮನಾಗಿ ಹಂಚುತ್ತಿದ್ದರು. ಮೈಮುರಿದು ದುಡಿದವಳಿಗೂ ತಂಡದ ಲೆಕ್ಕದಲ್ಲಿ 7 ರೂಪಾಯಿ ಮುಟ್ಟುತ್ತಿರಲಿಲ್ಲ. ಕೇಳಿದರೆ ಕಾನೂನಿನ ಉತ್ತರ ಸಿದ್ಧವಾಗಿತ್ತು: 1964ರ ರಾಜಸ್ಥಾನದ ಕಾಯಿದೆಯೊಂದು ಬರಪರಿಹಾರದ ಕೆಲಸಗಾರರಿಗೆ ಕಾರ್ಮಿಕ ಕಾನೂನುಗಳು ಅನ್ವಯವಾಗದಂತೆ ವಿನಾಯಿತಿ ಕೊಟ್ಟಿತ್ತು. ಪರಿಹಾರವೆಂಬುದು ದಾನ, ದಾನದಲ್ಲಿ ತೂಕ ಕೇಳುವುದುಂಟೆ?

ಇದನ್ನು ಸುಮ್ಮನೆ ಸಹಿಸದ ಹೆಂಗಸರಲ್ಲಿ ಹರ್ಮಾಡಾದ ನೌರತಿ ಎಂಬಾಕೆ ಒಬ್ಬಳು. ಅಕ್ಷರ ಬಾರದ ದಲಿತ ಕೂಲಿ. ಕೆಲಸಗಾರರ ದೂರನ್ನು ರಾಯ್ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದರು. ಸಂಜಿತ್ ರಾಯ್ ಮತ್ತು ರಾಜಸ್ಥಾನ ಸರಕಾರದ ನಡುವಿನ ಆ ಮೊಕದ್ದಮೆಯ ತೀರ್ಪು 1983ರ ಜನವರಿಯಲ್ಲಿ ಬಂತು. ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಪಿ. ಎನ್. ಭಗವತಿ ಮತ್ತು ಆರ್. ಎಸ್. ಪಾಠಕ್. ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲಾತ್ಕಾರದ ದುಡಿಮೆಯೇ ಸರಿ. ಬರಗಾಲದಲ್ಲಿ ಸಿಕ್ಕಿದವರ ಅಸಹಾಯಕತೆಯನ್ನು ಸರಕಾರ ತನ್ನ ಲಾಭಕ್ಕೆ ಬಳಸಿಕೊಳ್ಳಲಾಗದು. ಕಟ್ಟುವ ರಸ್ತೆ ಜನರ ಆಸ್ತಿಯಾಗುವಾಗ ಕೊಡುವ ಕೂಲಿ ಭಿಕ್ಷೆಯಾಗದು — ಇದು ಭಗವತಿಯವರ ತೀರ್ಪಿನ ಸಾರ. ಹಿಂದಿನ ವರ್ಷವೇ ಏಷ್ಯಾಡ್ ಕೂಲಿಗಾರರ ಮೊಕದ್ದಮೆಯಲ್ಲಿ ಅವರು, ಮನುಷ್ಯನನ್ನು ಬಲವಂತದಿಂದ ದುಡಿಸುವುದು ಕೋಲೊಂದೇ ಅಲ್ಲ, ಹಸಿವೂ ಹೌದು ಎಂಬ ನ್ಯಾಯವನ್ನು ಎತ್ತಿಹಿಡಿದಿದ್ದರು.

ಪಲಾಮುವಿನ ಗಂಜಿಯ ಸಾಲಿಗೂ ಹರ್ಮಾಡಾದ ಕೂಲಿಯ ಸಾಲಿಗೂ ನಡುವೆ ಇರುವ ಅಂತರ ಈ ತೀರ್ಪಿನದು. ಮೊದಲನೆಯದರಲ್ಲಿ ಹಸಿದವನು ಕೊಟ್ಟದ್ದನ್ನು ಪಡೆಯುವವನು. ಎರಡನೆಯದರಲ್ಲಿ ತನ್ನದನ್ನು ಕೇಳುವವನು.

ಈ ಎಳೆ ಅಲ್ಲಿಗೇ ನಿಲ್ಲಲಿಲ್ಲ. ರಾಯ್ ಅವರ ಪತ್ನಿ ಅರುಣಾ ರಾಯ್ 1968ರಲ್ಲಿ ಐ. ಎ. ಎಸ್. ಸೇರಿದವರು, ಕೆಲವೇ ವರ್ಷಗಳಲ್ಲಿ ಆ ಹುದ್ದೆಗೆ ರಾಜೀನಾಮೆಯಿತ್ತು ತಿಲೋನಿಯಾಕ್ಕೆ ಬಂದು, ಮುಂದೆ ಅದನ್ನೂ ಬಿಟ್ಟು 1987ರಲ್ಲಿ ದೇವಡುಂಗ್ರಿ ಎಂಬ ಹಳ್ಳಿಯ ಗುಡಿಸಲಿನಲ್ಲಿ ಸಂಗಾತಿಗಳೊಡನೆ ನೆಲಸಿದರು. 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಹುಟ್ಟಿತು. ಅಲ್ಲಿಯೂ ಜಗಳ ಕೂಲಿಯದೇ. ಕೆಲಸ ಮಾಡಿದೆವೆಂದು ಕೂಲಿಗಳು ಹೇಳುವರು, ಮಾಡಿಲ್ಲವೆಂದು ದಾಖಲೆ ಹೇಳುವುದು. ದಾಖಲೆಯನ್ನು ತೋರಿಸಿರೆಂದರೆ ಅದು ಸರಕಾರದ ಗುಟ್ಟು. ಮಸ್ಟರ್ ರೋಲ್ ಎಂಬ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರಿಗೂ ಕೂಲಿ ಬರೆದದ್ದು ಬಹಿರಂಗ ಸಭೆಗಳಲ್ಲಿ ಬಯಲಾಯಿತು. ಕೂಲಿ ಕೇಳಲು ಹೋದವರು ಕಾಗದ ಕೇಳುವುದನ್ನು ಕಲಿತರು. 2005ರ ಮಾಹಿತಿ ಹಕ್ಕಿನ ಕಾಯಿದೆಯ ಬೇರುಗಳಲ್ಲಿ ಆ ಕೂಲಿಗಳ ಕೂಗು ಮುಖ್ಯವಾದುದು. ಇಂದು ಬೆಂಗಳೂರಿನ ಕಚೇರಿಯಲ್ಲಿ ಹತ್ತು ರೂಪಾಯಿ ಕಟ್ಟಿ ಕಡತದ ನಕಲು ಕೇಳುವ ನಾಗರಿಕನಿಗೆ ಆ ಗುದ್ದಲಿಗಳ ನೆನಪು ಇರಲಾರದು.

ಇನ್ನು ನೌರತಿಯ ಮಾತು. ಆಕೆ ರಾತ್ರಿಯ ತರಗತಿಗಳಲ್ಲಿ ಅಕ್ಷರ ಕಲಿತಳು. ಬಹಳ ವರ್ಷಗಳ ಮೇಲೆ, ವಯಸ್ಸು ಇಳಿಮುಖವಾದಾಗ, ತಿಲೋನಿಯಾದಲ್ಲಿ ಕಂಪ್ಯೂಟರನ್ನೂ ಕಲಿತು ಇತರರಿಗೆ ಕಲಿಸಿದಳು. 2010ರಲ್ಲಿ ಹರ್ಮಾಡಾ ಪಂಚಾಯಿತಿಯ ಸರಪಂಚಳಾಗಿ ಆರಿಸಿಬಂದಳು. ಯಾವ ರಸ್ತೆಯ ಮೇಲೆ ಕಲ್ಲು ಹೊತ್ತಿದ್ದಳೋ ಆ ಊರಿನ ಕಾಮಗಾರಿಗಳ ಲೆಕ್ಕಕ್ಕೆ ಈಗ ಆಕೆಯೇ ಒಡತಿ. ಐದು ವರ್ಷ ಕಳೆದು ಮತ್ತೆ ಚುನಾವಣೆ ಬರುವ ಹೊತ್ತಿಗೆ, 2014ರ ಡಿಸೆಂಬರಿನಲ್ಲಿ, ಸರಪಂಚ್ ಸ್ಥಾನಕ್ಕೆ ಸ್ಪರ್ಧಿಸುವವರು ಎಂಟನೆಯ ತರಗತಿ ಪಾಸಾಗಿರಬೇಕೆಂದು ರಾಜಸ್ಥಾನ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ನೌರತಿಯ ಬಳಿ ಅಂಥ ಪ್ರಮಾಣಪತ್ರ ಇರಲಿಲ್ಲ. ಆ ನಿಯಮವನ್ನು 2019ರಲ್ಲಿ ರದ್ದುಮಾಡಿದರು.